ಸಿದ್ದನ ನಾಲ್ಕನೆಯ ಪೈಪು

ಕೊಡ್ಲಿಪೇಟೆ ಸೀಮೆಯಲ್ಲಿ ಗಾಡಿ ಕರಿಯನ ಹೆಸರೆತ್ತಿದರೆ ಹಳಬರು ಇಂದಿಗೂ ತಲೆದೂಗುತ್ತಾರೆ. ಎರಡಾಳು ತಬ್ಬಿದರೂ ತೋಳಿಗೆ ಸಿಗದ ಬೀಟೆ ದಿಮ್ಮಿಯನ್ನು ಒಂದೇ ಜೊತೆ ಎತ್ತು ಕಟ್ಟಿ ಇಳಿಜಾರಿನಲ್ಲಿ ಇಳಿಸಿದ ಗಟ್ಟಿಗ ಅವನು. ಎತ್ತಿನ ಕಾಲು ಜಾರಿದರೆ ಗಾಲಿಗೆ ತನ್ನ ಹೆಗಲನ್ನೇ ಕೊಡುತ್ತಿದ್ದ. ಅವನ ಮಗ ಜವರಿಯೂ ಕಡಿಮೆಯಲ್ಲ. ತೋಟಕ್ಕೆ ಮೊದಲ ಟ್ರ್ಯಾಕ್ಟರ್ ಬಂದು, ಓಡಿಸುವವರಿಲ್ಲದೆ ಶೆಡ್ಡಿನಲ್ಲಿ ಕೋಳಿ ಕೂರುವ ಜಾಗವಾಗಿದ್ದಾಗ, ಯಾರ ಅಪ್ಪಣೆಗೂ ಕಾಯದೆ ಹತ್ತಿ ಕೂತವನು. ಬೇಲಿ ಮುರಿದ, ತಿಪ್ಪೆಯ ಮೇಲೆ ಹಾಯಿಸಿದ, ಹೊತ್ತು ಇಳಿಯುವಷ್ಟರಲ್ಲಿ ಅದನ್ನು ಪಳಗಿಸಿಕೊಂಡ.

ಅಪ್ಪ ಮಗನದು ಒಂದೇ ಹಟ. ನೊಗಕ್ಕೆ ಎತ್ತು ಕಟ್ಟಿದವನೇ ಗಾಡಿ ಹೊಡೆಯಬೇಕು. ಬೇರೆಯವನು ಹಾಕಿದ ಗಂಟನ್ನು ನಂಬಬಾರದು, ನಂಬಿ ಹತ್ತಬಾರದು. ಟ್ರ್ಯಾಕ್ಟರಿನ ಕೊಂಡಿಗೂ ಜವರಿ ಅದನ್ನೇ ಪಾಲಿಸಿದ. ಮಗ ಸಿದ್ದನಿಗೆ ಸೀಟು ಬಿಟ್ಟುಕೊಟ್ಟಾಗ ಆಸ್ತಿ ಅಂತ ಕೊಟ್ಟದ್ದು ಆ ಮಾತೊಂದೇ.

ಸಿದ್ದ ಅದನ್ನು ಮೀರಿದ್ದು ಒಂದೇ ಸಲ, ಹೋದ ವರ್ಷ ಆಯುಧಪೂಜೆಯ ಮಾರನೆಯ ದಿನ.

ತೋಟದ ಸಾವ್ಕಾರರು ಪರಮೇಶಪ್ಪ. ಅವರ ಈಗಿನ ಟ್ರ್ಯಾಕ್ಟರಿನ ಮೂತಿಗೆ ಲೋಡರ್ ಉಂಟು. ಎರಡು ಕಬ್ಬಿಣದ ತೋಳು, ತುದಿಯಲ್ಲಿ ಗೊಬ್ಬರ ಮಣ್ಣು ಎತ್ತುವ ಬಕೆಟ್ಟು. ಅದರ ಜೀವವೆಲ್ಲ ಎಣ್ಣೆ ಹರಿಯುವ ನಾಲ್ಕು ರಬ್ಬರ್ ಪೈಪಿನಲ್ಲಿ: ಎರಡು ತೋಳೆತ್ತಲು, ಎರಡು ಬಕೆಟ್ಟು ಮಡಚಲು. ಅದಲುಬದಲಾಗದಿರಲೆಂದು ಸಿದ್ದ ತೋಳಿನ ಪೈಪಿಗೆ ಕೆಂಪು ಬಟ್ಟೆಚೂರು, ಬಕೆಟ್ಟಿನದಕ್ಕೆ ಹಳದಿ ಕಟ್ಟಿದ್ದ. ಅವು ಸಿಕ್ಕಿಕೊಳ್ಳುವ ಟ್ರ್ಯಾಕ್ಟರಿನ ಕಡೆಯ ಬಾಯಿಗಳಿಗೂ ಅದೇ ಬಣ್ಣ ಬಳಿದಿದ್ದ.

ಪೂಜೆಗೆಂದು ಲೋಡರ್ ಕಳಚಿ ಅಂಗಳದಲ್ಲಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದರು. ಸಿದ್ದನ ಹೆಂಡತಿ ಕೆಂಚಿ ಎಲ್ಲ ತಿಕ್ಕಿ ತೊಳೆದಳು. ಎಣ್ಣೆ ಕುಡಿದು ಕರ್ರಗಾಗಿದ್ದ ಆ ಬಟ್ಟೆಚೂರುಗಳು ದೇವರ ಮುಂದೆ ಯಾಕೆಂದು ಕಿತ್ತೆಸೆದಳು. ಆಮೇಲೆ ನಾಲ್ಕೂ ಪೈಪಿನ ತುದಿಗೆ ಬೊಟ್ಟಿಟ್ಟಳು. ಇದಕ್ಕೆ ಕುಂಕುಮ, ಅದಕ್ಕೆ ಅರಿಸಿನ, ಕಣ್ಣಿಗೆ ಚೆಂದ ಕಂಡ ಹಾಗೆ.

ಬೆಳಗಾದರೆ ತೋಟದ ದಾರಿಗೆ ಪಕ್ಕದ ದಿಬ್ಬದ ಬರೆ ಜರಿದು ಮಣ್ಣು ಬಿದ್ದಿದೆ, ಸಾವ್ಕಾರರು ಫೋನಿನಲ್ಲಿ ಒದರುತ್ತಿದ್ದಾರೆ. ಸಿದ್ದನ ತಮ್ಮ ಚಿನ್ನ ಮುಂದೆ ಬಂದ. "ನೀ ಸ್ಟ್ಯಾಂಡ್ ಬಿಚ್ಚಣ್ಣೋ, ಪೈಪ್ ನಾ ಸಿಕ್ಕಿಸ್ತೀನಿ. ಕೆಂಪು ಹಳದಿ ನಂಗೊತ್ತಿಲ್ವಾ?"

ಅವಸರದಲ್ಲಿ ಸಿದ್ದ ಹೂಂ ಅಂದುಬಿಟ್ಟ. ಚಿನ್ನ ಕುಂಕುಮದ ತುದಿಯನ್ನು ಕೆಂಪು ಬಾಯಿಗೆ, ಅರಿಸಿನದ್ದನ್ನು ಹಳದಿಗೆ ಸಿಕ್ಕಿಸಿ ಸೀಟು ಹತ್ತಿದ. ಸ್ಟ್ಯಾಂಡಿನ ಮೇಲಿನ ಭಾರ ತೆಗೆಯಲು ತೋಳೆತ್ತುವ ಲಿವರ್ ಎಳೆದ. ಕೆಂಚಿ ಕುಂಕುಮ ಇಟ್ಟದ್ದು ಬಕೆಟ್ಟಿನ ಪೈಪಿಗೆ; ತೋಳು ಏಳಲಿಲ್ಲ. ಬಕೆಟ್ಟು ಹಿಂದಕ್ಕೆ ಮಡಚಿಕೊಂಡಿತು. ಸ್ಟ್ಯಾಂಡ್ ಬಿಚ್ಚಲು ಬಗ್ಗಿದ್ದ ಸಿದ್ದನ ಬಲಗೈ ಸ್ಟ್ಯಾಂಡಿಗೂ ಬಕೆಟ್ಟಿಗೂ ನಡುವೆ ಇತ್ತು.

ಮಡಿಕೇರಿ ಆಸ್ಪತ್ರೆಯಲ್ಲಿ ಹೊಲಿದು ಕಳಿಸಿದರು. ಉಳಿದದ್ದು ಹೆಬ್ಬೆರಳು, ಕಿರುಬೆರಳು, ಏಡಿಯ ಕಚ್ಚುವ ಕೊಂಬಿನ ಹಾಗೆ. ಚಿನ್ನ ಅಣ್ಣನ ಕಾಲು ಹಿಡಿದು ಅತ್ತ. ಸಿದ್ದ ಬೈಯಲಿಲ್ಲ, ಏಳು ಅಂತಲೂ ಅನ್ನಲಿಲ್ಲ. ಕೆಂಚಿ ಈ ವರ್ಷದ ಪೂಜೆಗೆ ಮನೆಯ ಕತ್ತಿಗೂ ಬೊಟ್ಟಿಡಲಿಲ್ಲ.

ಸಿದ್ದ ಸೀಟು ಬಿಡಲಿಲ್ಲ. ಎಡಗೈಯಲ್ಲಿ ಓಡಿಸುವುದನ್ನು ಕಲಿತ. ಆದರೆ ವರ್ಷವಿಡೀ ಲೋಡರ್ ಕಳಚುವ ಪ್ರಸಂಗ ಬಂದಿರಲಿಲ್ಲ. ಈಗ ಮತ್ತೆ ಪೂಜೆ ಮುಗಿದಿದೆ, ಕಳಚಿದ ಲೋಡರ್ ಬಿಸಿಲಿನಲ್ಲಿ ನಿಂತಿದೆ. ಪರಮೇಶಪ್ಪ ಜಗಲಿಯಿಂದಲೇ ಹೇಳಿಬಿಟ್ಟಿದ್ದರು: "ನೀನಾಗೆ ಜೋಡಿಸಿದ್ರೆ ಸೀಟು ನಿಂದು ಸಿದ್ದ. ಆಗ್ಲಿಲ್ಲ ಅಂದ್ರೆ ಸೋಮವಾರಪೇಟೆಯಿಂದ ಡ್ರೈವರ್ ಧರ್ಮೇಂದ್ರ ಬತ್ತಾನೆ. ನಂಗೆ ತ್ವಾಟ ನಡೀಬೇಕಲ್ಲಪ್ಪ."

ಎಂಜಿನ್ ಆರಿಸಿ, ಬಾಯಿಗಳಲ್ಲಿ ನಿಂತ ಒತ್ತಡ ಇಳಿಯಲೆಂದು ಲಿವರನ್ನು ನಾಲ್ಕೂ ದಿಕ್ಕಿಗೆ ಆಡಿಸಿ ಸಿದ್ದ ಕೆಳಗಿಳಿದ. ಎಡಗೈಯಲ್ಲಿ ಬಾಯಿಯ ಸುತ್ತ ಇರುವ ಕಬ್ಬಿಣದ ಬಳೆ ಹಿಂದಕ್ಕೆಳೆದು, ಬಲಗೈಯ ಎರಡು ಬೆರಳಿನಲ್ಲಿ ಪೈಪು ಕಚ್ಚಿ ಹಿಡಿದು, ಎದೆಯಿಂದ ಒತ್ತಿದ. ಟಕ್ ಅಂತ ಕೂತಿತು. ಎರಡನೆಯದೂ ಕೂತಿತು. ಮೂರನೆಯದು ಕೂರುವಷ್ಟರಲ್ಲಿ ಅಂಗಿ ಬೆವರಿನಲ್ಲಿ ತೊಯ್ದು ಬೆನ್ನಿಗಂಟಿತ್ತು.

ನಾಲ್ಕನೆಯದು ಬಗ್ಗಲಿಲ್ಲ. ಬಿಸಿಲಿಗೆ ಒಳಗಿನ ಎಣ್ಣೆ ಉಬ್ಬಿ ತುದಿಯಲ್ಲಿ ಎಣ್ಣೆ ತಡೆಯುವ ಗುಂಡಿಯನ್ನು ಕಲ್ಲು ಮಾಡಿತ್ತು. ಅದರ ಸೊಕ್ಕು ಇಳಿಸುವ ದಾರಿ ಸಿದ್ದನಿಗೆ ಗೊತ್ತು: ತುದಿಗೆ ಗೋಣಿ ಸುತ್ತಿ ಮರದ ಕೊರಡಿಗೆ ಗಟ್ಟಿಯಾಗಿ ಒತ್ತಿದರೆ ಒಂದು ಗುಟುಕು ಎಣ್ಣೆ ಕಕ್ಕಿ ಮೆತ್ತಗಾಗುತ್ತದೆ. ಒತ್ತಿದ. ಏಡಿಗೈ ಜಾರಿತು. ಮತ್ತೆ ಒತ್ತಿದ. ಹಳೆಯ ಹೊಲಿಗೆಯ ಗೆರೆ ಬಿರಿದು ಎಣ್ಣೆಯ ಜೊತೆ ನೆತ್ತರೂ ಗೋಣಿಗೆ ಹತ್ತಿತು.

"ಬುಡಿ ಸಾಕು," ಅಂದಳು ಕೆಂಚಿ. "ನಿಮ್ಮಜ್ಜನ ಹಟ ನಮ್ಗೆ ಅನ್ನ ಇಕ್ತದಾ?"

"ಇಕ್ಕಿದ್ದಕ್ಕೇ ಕಣೆ ನೀ ಈ ಮನೆಗೆ ಬಂದಿದ್ದು," ಅಂದ ಸಿದ್ದ, ತಲೆಯೆತ್ತದೆ.

ಪರಮೇಶಪ್ಪ ಜಗಲಿಯಿಂದ ಇಳಿದು ಬಂದರು. ಗೋಣಿ ನೋಡಿ ಅವರ ದನಿ ಮೆತ್ತಗಾಯಿತು. "ಏ ಸಿದ್ದ, ನಾ ಏನೋ ಅಂದೆ ಅಂತ ಸಾಯ್ಬ್ಯಾಡ. ಚಿನ್ನ ಅದೊಂದು ಸಿಕ್ಕಿಸ್ಲಿ. ನೀ ಓಡ್ಸು. ಧರ್ಮೇಂದ್ರಂಗೆ ಬರಬ್ಯಾಡ ಅಂತೀನಿ."

ಚಿನ್ನ ಆಗಲೇ ಹತ್ತಿರ ಬಂದಿದ್ದ. ವರ್ಷದಿಂದ ಆ ಮಾತಿಗೇ ಕಾದಿದ್ದವನ ಹಾಗೆ ಪೈಪಿಗೆ ಎರಡೂ ಕೈ ಚಾಚಿದ. "ಈ ಸಲ ನೋಡ್ಕಂಡೇ ಹಾಕ್ತೀನಣ್ಣ. ಕೊಡು."

ಹೂಂ ಅಂದರೆ ಸೀಟು ಉಳಿಯುತ್ತಿತ್ತು. ಸಿದ್ದ ತಮ್ಮನ ಹತ್ತು ಬೆರಳನ್ನೂ ನೋಡಿದ. ಪೈಪನ್ನು ಎದೆಗೆ ಒತ್ತಿಕೊಂಡ.

"ಬ್ಯಾಡ ಸಾವ್ಕಾರ್ರೇ. ಧರ್ಮೇಂದ್ರಂಗೆ ಬರಾಕೇಳಿ. ಇವ್ನು ಸಿಕ್ಸಿದ್ದ ಇನ್ನೊಂದ್ಸಲ ನಂಬಿ ನಾ ಹತ್ತಾಕಿಲ್ಲ. ಚಿನ್ನ, ಕೈ ತೆಗೀಲಾ ಆಚೆಗೆ."