ಸಿಳ್ಳೆಗೆ ಬೇಕಾದ ಸಂದು

ಕೊಟ್ಟೂರಿನ ಹತ್ತಿರದ ಹಳ್ಳಿಯೊಂದರಲ್ಲಿ ನನ್ನ ಸೋದರಮಾವನ ಮನೆ. ಆ ಮನೆಯವರ ಕಸುಬು ಕುರಿ ಸಾಕುವುದು. ನನ್ನ ಕಸುಬನ್ನು ಅಲ್ಲಿ ವಿವರಿಸಲು ಹೋದಾಗಲೆಲ್ಲ ಅದರ ಮೇಲೆ ನನಗಿರುವ ನಂಬಿಕೆಯೇ ಸ್ವಲ್ಪ ಇಳಿಯುತ್ತದೆ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಸಂಶೋಧಕ ಎಂದರೆ ಟ್ರ್ಯಾಕ್ಟರ್ ರಿಪೇರಿ ಬಲ್ಲವನು ಎಂದು ಅವರು ಬಹಳ ಕಾಲ ನಂಬಿದ್ದರು. ನಾನು ಮಾಡುವುದು ಇಷ್ಟೇ: ಪ್ಲಾಸ್ಟಿಕ್ ಚೂರಿನಲ್ಲಿ ಕೂದಲಿಗಿಂತ ತೆಳುವಾದ ಕಾಲುವೆ ಕೊರೆದು, ಅದರಲ್ಲಿ ಒಂದು ಹನಿ ಪಂಪಿಲ್ಲದೆ ಹೇಗೆ ಹರಿಯುತ್ತದೆಂದು ನೋಡುವುದು.

“ಆ ಕಾಲುವಿಗೆ ಎಷ್ಟು ಎಕರೆ ನೆನಿತೈತಿ?” ಎಂದು ಅತ್ತೆ ಕೇಳಿದ್ದಳು.

“ಹೊಲ ಅಲ್ಲತ್ತಿ, ಬಾಯಿ ನೆನಿತೈತಿ.”

“ಅದಕ್ಕ ಕಾಲುವಿ ಯಾಕ? ಹುಣಸಿಹಣ್ಣು ಸಾಕು.”

ವಯಸ್ಸಾದವರ ಬಾಯಿ ಒಣಗಿದರೆ ಹಲ್ಲಿನ ಸೆಟ್ಟು ಸರಿಯಾಗಿ ನಿಲ್ಲುವುದಿಲ್ಲ. ಸೆಟ್ಟಿನ ಒಳಮೈಯಲ್ಲಿ ಇಂಥ ಕಾಲುವೆಗಳಿದ್ದರೆ ಇರುವಷ್ಟು ಜೊಲ್ಲೇ ತೆಳುವಾಗಿ ಹರಡಿ, ಸೆಟ್ಟು ಅಂಗುಳಕ್ಕೆ ಅಂಟಿಕೊಳ್ಳುತ್ತದೆ ಎಂಬುದು ನನ್ನ ವಾದ. ವಾದಕ್ಕೆ ಒಂದು ಬಾಯಿ ಬೇಕಿತ್ತು. ಅದೇ ಹೊತ್ತಿಗೆ ಮಾವನ ಮೇಲಿನ ಹಲ್ಲುಗಳೆಲ್ಲ ಹೋಗಿದ್ದವು. ನನಗೆ ದುಃಖವಾಯಿತು ಎಂದು ಬರೆಯಬೇಕು. ಮೊದಲು ಖುಷಿಯಾಯಿತು ಎಂದೇ ನೆನಪು.

ಮಾವನಿಗೆ ಹಲ್ಲಿನ ಚಿಂತೆ ಇರಲಿಲ್ಲ. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನುತ್ತಿದ್ದ. ಆದರೆ ಹಲ್ಲಿನ ಜೊತೆ ಸಿಳ್ಳೆಯೂ ಹೋಗಿತ್ತು. ಅವನು ಊದಿದರೆ ಬರೀ ಗಾಳಿ. ಕುರಿಗಳು ತಿರುಗಿ ನೋಡುತ್ತಿರಲಿಲ್ಲ. “ನೀ ಮನ್ಯಾಗ ಕುಂದ್ರಪ್ಪ, ಕುರಿ ನಾ ನೋಡ್ಕೊಂತೀನಿ” ಎಂದು ಮಗ ಹೇಳಿದ್ದ. ಮಾವ ಆಗಲೇ ನನಗೆ ಫೋನ್ ಮಾಡಿದ.

“ಲೇ ಅಳಿಯ, ಕುಂತ್ರ ಸತ್ತೆ ನಾನು. ಸಿಳ್ಳಿ ಬರೋ ಹಲ್ಲು ಮಾಡು.”

ಕೊಟ್ಟೂರಿನ ದಂತವೈದ್ಯೆಯೊಬ್ಬರು ಅಳತೆ ತೆಗೆದು ಸೆಟ್ಟು ಮಾಡಿದರು. ಒಳಮೈಯ ಕಾಲುವೆಗಳು ನನ್ನವು. ಸೆಟ್ಟು ಗಟ್ಟಿಯಾಗಿ ಕೂತಿತು. ಮಾವ ಊದಿದ. ಸದ್ದಿಲ್ಲ.

“ಮಾರಿ ನೋಡಿದ್ರ ಎಮ್ಮೆಲ್ಲೆ ಆಗ್ಯಾನ. ಊದಿದ್ರ ಪಂಚರಾದ ಟೈರು” ಎಂದಳು ಅತ್ತೆ.

ಆಗ ನನಗೆ ಹೊಳೆಯಿತು: ಮಾವನ ಮುಂದಿನ ಹಲ್ಲುಗಳ ನಡುವೆ ಸಂದಿತ್ತು. ಹೊಸ ಸೆಟ್ಟಿನಲ್ಲಿ ಸಂದಿಲ್ಲ. ಗಾಳಿಯೂ ಹರಿಯುವ ವಸ್ತುವೇ ತಾನೆ? ಸಂದು ಎಡಕ್ಕಿತ್ತು ಎಂಬುದೂ ನನಗೆ ಚೆನ್ನಾಗಿ ನೆನಪಿತ್ತು. ಚಿಕ್ಕವನಿದ್ದಾಗ ಅವನ ಹೆಗಲ ಮೇಲೆ ಕೂತು ಹೋಗುವಾಗ ನೋಡಿದ್ದೆ. ಉತ್ಸಾಹದಿಂದ ನಕ್ಷೆ ಬರೆದೆ. ಹರಿಹರದ ಕಡೆಗೆ ಹೋಗುವ ರೈಲಿನಲ್ಲಿ ಕೂತ ಮೇಲೆ ಅನುಮಾನ ಬಂತು: ಹೆಗಲ ಮೇಲೆ ಕೂತವನಿಗೆ ಕಾಣುವುದು ನೆತ್ತಿ. ಹಲ್ಲನ್ನು ನಾನು ನೋಡಿದ್ದು ಯಾವಾಗ?

ಫೋನ್ ಮಾಡಿ ಕೇಳಿದೆ. ಮಾವ ಬಲಕ್ಕಿತ್ತು ಎಂದ. ಅತ್ತೆ ಫೋನ್ ಕಸಿದುಕೊಂಡು, “ಸಂದು ಎಲ್ಲಿತ್ತೋ? ಇಷ್ಟು ವರ್ಷ ಆ ಬಾಯಿ ನೋಡೀನಿ. ನಾಲಿಗಿ ಮಡಚಿ ಊದ್ತಿದ್ದ” ಎಂದಳು. ಮನೆಯ ಫೋಟೋಗಳಲ್ಲೆಲ್ಲ ಮಾವ ಬಾಯಿ ಮುಚ್ಚಿ ನಿಂತಿದ್ದಾನೆ. ಸಾಕ್ಷಿಗಳು ಒಬ್ಬೊಬ್ಬರು ಒಂದೊಂದು ಹೇಳಿದಾಗ ಸರಾಸರಿ ತೆಗೆದರೆ ಸತ್ಯ ಸಿಗುವುದಿಲ್ಲ ಎಂದು ನಾನು ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತೇನೆ. ಎಡ, ಬಲ ಎರಡನ್ನೂ ಸೇರಿಸಿ, ಸಂದನ್ನು ನಟ್ಟನಡುವೆ ಬಿಡಿಸಿದೆ.

“ಸರ್, ಜನ ಸಂದು ಮುಚ್ಚಸ್ರಿ ಅಂತ ಬರ್ತಾರ. ಬಿಡಸ್ರಿ ಅಂತ ಬಂದೋರು ನೀವ ಮೊದ್ಲು” ಎಂದರು ದಂತವೈದ್ಯೆ.

ಈ ಸಲ ಸದ್ದು ಬಂತು. ಆದರೆ ಅದು ನನ್ನ ನೆನಪಿನ ಸಿಳ್ಳೆಯಲ್ಲ, ಯಾರ ನೆನಪಿನದೂ ಅಲ್ಲ. ಬೇಳೆಯ ಕುಕ್ಕರ್ ಕೂಗಿತೇನೋ ಎಂದು ಅತ್ತೆ ಒಲೆಯತ್ತ ಹೊರಳಿ ನೋಡಿದಳು. ಹೊಲದಲ್ಲಿ ಕುರಿಗಳು ತಲೆಯೆತ್ತಿ ಒಮ್ಮೆ ನೋಡಿ, ಮತ್ತೆ ಮೇಯತೊಡಗಿದವು.

“ಸಾಕು ಬಿಡಪ್ಪ” ಎಂದ ಮಗ, ಮೆಲ್ಲಗೆ.

ಸಂದನ್ನು ಕೂದಲಿನಷ್ಟು ಕಿರಿದು ಮಾಡೋಣ ಎಂದು ನಾನು ಶುರುಮಾಡಿದೆ. ಮಾವ ಕೈಯೆತ್ತಿ ತಡೆದ.

“ಇವಕ್ಕ ಹಳೇ ಸಿಳ್ಳಿ ರೂಢಿ ಆಗೇತಿ. ಹಟ್ಟ್ಯಾಗ ಮರಿ ಅದಾವಲ್ಲ, ಅವಕ್ಕ ಯಾವ ಸಿಳ್ಳಿನೂ ಗೊತ್ತಿಲ್ಲ.”

ಅಂದಿನಿಂದ ಮಾವನದು ಇದೇ ಕೆಲಸ: ಹಟ್ಟಿಯ ಬೇಲಿಯ ಮುಂದೆ ನಿಂತು ಸಿಳ್ಳೆ ಹಾಕುವುದು, ಹಾಕಿದಾಗಲೆಲ್ಲ ಒಂದು ಹಿಡಿ ಜಾಲಿಕಾಯಿ ಚೆಲ್ಲುವುದು. ಮುಂದಿನ ರಜೆಗೆ ನಾನು ಹೋಗುವಷ್ಟರಲ್ಲಿ ಮರಿಗಳು ಆ ಕುಕ್ಕರ್ ಸದ್ದಿಗೆ ಓಡಿ ಬರುತ್ತಿದ್ದವು. ಎಲ್ಲರೂ ನನ್ನನ್ನು ಹೊಗಳಿದರು. ನನ್ನ ಓದು ಅಷ್ಟಕ್ಕೆ ಸುಮ್ಮನಿರಗೊಡಲಿಲ್ಲ.

“ಮಾವ, ಒಮ್ಮೆ ಕಾಯಿ ಹಾಕದಂಗ ಸಿಳ್ಳಿ ಹೊಡಿ. ಸಿಳ್ಳಿಗೆ ಬರ್ತಾವೋ ಕಾಯಿಗೆ ಬರ್ತಾವೋ ನೋಡೂಣು.”

“ಹಸಿದವಕ್ಕ ಸುಳ್ಳು ಹೇಳಂತೀಯೇನು?”

ಮಗ ಒಂದು ಷರತ್ತು ಹಾಕಿದ: ಮರಿಗಳನ್ನು ಕೆರೆಯತನಕ ಕರೆದೊಯ್ದು, ಒಂದನ್ನೂ ಬಿಡದೆ ಹೊಡೆದುಕೊಂಡು ಬಂದರೆ ಮರಿಹಿಂಡು ಅಪ್ಪನದು; ಇಲ್ಲವಾದರೆ ಅಪ್ಪ ಮನೆಯಲ್ಲಿರಬೇಕು. ಚೀಲ ಹೊರಲು ನಾನೂ ಹೋದೆ. ಹೋಗುವಾಗ ತೊಂದರೆಯಾಗಲಿಲ್ಲ. ಕೆರೆಯ ಅಂಗಳದಲ್ಲಿ ಮರಿಗಳು ಚದುರಿದವು. ಬಿಸಿಲು ಇಳಿಯುವಾಗ ಮಾವ ದಿಬ್ಬದ ಮೇಲೆ ನಿಂತು ಸಿಳ್ಳೆ ಹಾಕಿದ. ಮರಿಗಳೆಲ್ಲ ಓಡಿ ಬಂದವು, ನನ್ನ ಕಡೆಗೆ. ಜಾಲಿಕಾಯಿಯ ಚೀಲ ನನ್ನ ಹೆಗಲಲ್ಲಿತ್ತು. ಒಂದು ನನ್ನ ಪ್ಯಾಂಟಿನ ಜೇಬು ಜಗಿಯಿತು.

ಕಾಯಿಗೇ ಬಂದವು ಎಂದು ಹೇಳಲು ನಾನು ಬಾಯಿ ತೆರೆದೆ.

“ಚೀಲ ಕೊಡಿಲ್ಲೆ” ಎಂದ ಮಾವ.

ಚೀಲ ಹೆಗಲಿಗೆ ಹಾಕಿಕೊಂಡು, ಇನ್ನೊಮ್ಮೆ ಸಿಳ್ಳೆ ಹಾಕಿ ಮುಂದೆ ನಡೆದ. ಹಿಂಡು ಅವನ ಹಿಂದೆ ಹೋಯಿತು, ಅದರ ಹಿಂದೆ ನಾನು. ಹಟ್ಟಿಯ ಬಾಗಿಲಲ್ಲಿ ಮಗ ಒಂದೊಂದೇ ಮರಿಯ ಬೆನ್ನು ಮುಟ್ಟಿ ಒಳಗೆ ಬಿಟ್ಟ. ಕೊನೆಯದೂ ಒಳಗೆ ಹೋದ ಮೇಲೆ ಬೇಲಿ ಎಳೆದು, ಅಪ್ಪನ ಕಡೆ ನೋಡದೆ ಕೇಳಿದ:

“ನಾಳಿ ಮರಿ ಎಷ್ಟೊತ್ತಿಗೆ ಬಿಡ್ತಿ?”

ಮಾವ ಆಗಲೇ ಸೆಟ್ಟು ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡಿದ್ದ. ಬೊಚ್ಚುಬಾಯಲ್ಲಿ ಏನೋ ಅಂದ. ನನಗೆ ತಿಳಿಯಲಿಲ್ಲ. ಮಗನಿಗೆ ತಿಳಿಯಿತು. “ಆತು” ಎಂದು ತಲೆಯಾಡಿಸಿ, ನಾಳೆಗೆ ಚೀಲ ತುಂಬಲು ಒಳಗೆ ಹೋದ.