ಬದರಿನಾಥರು ಕುಡಿಯದೆ ಕಲಿತ ವೈನು

ನಮ್ಮ ಯಜಮಾನರು ಬದರಿನಾಥರು ಒಂದು ಏಕಾದಶಿ ತಪ್ಪಿಸಿದವರಲ್ಲ, ಈರುಳ್ಳಿ ಮುಟ್ಟಿದವರಲ್ಲ. ಅಂಥವರಿಗೆ ಎಪ್ಪತ್ತೆಂಟನೇ ಇಸವಿಯಲ್ಲಿ ಮದರಾಸಿನ ಒಂದು ದೊಡ್ಡ ಹೋಟೆಲಿನಲ್ಲಿ ವೈನು ಬಡಿಸುವ ಕೆಲಸ ಸಿಕ್ಕಿತು. ರಾಯರ ಲೀಲೆ ಅನ್ನಬೇಕೋ, ನಮ್ಮ ಕರ್ಮ ಅನ್ನಬೇಕೋ! ಊರಿಗೆಲ್ಲ ಪಾನನಿಷೇಧ, ಪರ್ಮಿಟ್ ರೂಮಿನಲ್ಲಿ ವಿದೇಶದವರಿಗೆ ವಿನಾಯಿತಿ. ಇವರಿದ್ದ ಅಚ್ಚುಕೂಟ ಮುಚ್ಚಿ ಎಂಟು ತಿಂಗಳಾಗಿತ್ತು, ಬೇಡ ಎನ್ನುವ ಹಾಗಿರಲಿಲ್ಲ. ಆರು ತಿಂಗಳು ನೋಡಿ ಖಾಯಂ ಮಾಡುತ್ತೇವೆ ಎಂದಿದ್ದರು ಹೋಟೆಲಿನವರು.

ದಿನಾ ಕೀಲ್ಪಾಕಿನ ಮನೆಯ ಹೊಸ್ತಿಲಲ್ಲೇ ನಿಲ್ಲಿಸಿ, "ಕೊಂಜಂ ಬಾಯಿ ಬಿಡ್ರೀ" ಎಂದು ಮೂಸುತ್ತಿದ್ದೆ. ನಾಚಿಕೆಯೇನು ಬಂತು, ನನಗೆ ಭಯವಿತ್ತು.

"ಕುಡೀದೆ ಅದನ್ನ ಹೇಗ್ರೀ ಕಲೀತೀರಿ?"

"ನೀನೇ ಕಲಿಸು, ಜಯಾ" ಎಂದು ಹೋಟೆಲಿನಲ್ಲಿ ಬರೆದುಕೊಂಡಿದ್ದ ನೋಟುಬುಕ್ಕು ಬಿಚ್ಚಿದರು.

ಡ್ರೈ ಅಂದರೆ ಸಿಹಿಯಿಲ್ಲದ ವೈನು. ದ್ರಾಕ್ಷಿಯ ಸಕ್ಕರೆಯನ್ನೆಲ್ಲ ಹುದುಗು ತಿಂದು ಮುಗಿಸಿರುತ್ತದಂತೆ. ಟ್ಯಾನಿನ್ ಅಂದರೆ ನಾಲಿಗೆ ಹಿಡಿಯುವ ಒಗರು. ಹಸಿ ಬಾಳೆಕಾಯಿ ಕಚ್ಚಿಸಿದೆ. ಮುಖ ಕಿವುಚಿ, "ಅರ್ಥ ಆಯ್ತು" ಎಂದರು. ಕೆಂಪು ವೈನನ್ನು ಸಿಪ್ಪೆಸಮೇತ ಹುದುಗಿಸುತ್ತಾರೆ, ಬಿಳಿಗೆ ಬರೀ ರಸ. ಒಗರೆಲ್ಲ ಆ ಸಿಪ್ಪೆಯದು.

ಇಷ್ಟೆಲ್ಲ ಬಾಯಿಪಾಠ ಮಾಡಿಯೂ ಬಡಿಸುವಾಗ ಎಡವಟ್ಟಾಯಿತು. ಮೊದಲು ಊಟ ಹಾಕಿಸುವವನ ಲೋಟಕ್ಕೆ ಒಂದು ಗುಟುಕು ಸುರಿಯಬೇಕು. ಅವನು ರುಚಿ ನೋಡಿ ತಲೆಯಾಡಿಸಿದ ಮೇಲೆ ಎಲ್ಲರಿಗೂ ಬಡಿಸಿ, ಕೊನೆಗೆ ಅದೇ ಲೋಟ ತುಂಬಬೇಕು. ಇವರೋ, ಎಂಜಲು ಲೋಟಕ್ಕೆ ಮತ್ತೆ ಬಡಿಸುವುದುಂಟೇ ಎಂದು ಅದನ್ನು ಎರಡು ಬೆರಳಲ್ಲಿ ಎತ್ತಿಕೊಂಡು ಹೋಗಿ, ತೊಳೆದ ಲೋಟ ತಂದಿಟ್ಟರು! ಊಟ ಹಾಕಿಸುತ್ತಿದ್ದ ಬಿಳಿ ದೊರೆ ಕಣ್ಣುಕಣ್ಣು ಬಿಟ್ಟ. ಮ್ಯಾನೇಜರ್ ರಾಮದಾಸರು ಮಂಗಳೂರಿನವರು. "ಇನ್ನೊಂದು ತಪ್ಪಾದ್ರೆ ಮನೆಗೆ ಹೋಗಿ ಮಾರಾಯ್ರೆ" ಎಂದುಬಿಟ್ಟರು. ಅಂದು ನಮ್ಮಿಬ್ಬರಿಗೂ ಅನ್ನ ಇಳಿಯಲಿಲ್ಲ.

ಮುಂದಿನ ವಾರ ಬಿಡದೆ ಮಳೆ. ಮಧ್ಯಾಹ್ನದ ಊಟಕ್ಕೆ ದೊಡ್ಡ ಅತಿಥಿಗಳು, ಫ್ರಾನ್ಸಿನ ಕೆಂಪು ವೈನು. ಬಿರಡೆ ಎಳೆದು ಮೂಸಿದವರೇ ಇವರು ಕೈ ತಡೆದರು. ನಾಲ್ಕು ದಿನ ಬಿಸಿಲು ಕಾಣದೆ ಗಳುವಿನ ಮೇಲೆ ಮುಗ್ಗಿದ ನನ್ನ ಮಡಿಸೀರೆಯ ವಾಸನೆಯಂತೆ!

"ಸಾರ್, ಇದು ಕೆಟ್ಟಿದೆ. ನಾನು ಬಡಿಸಲ್ಲ."

"ಕುಡಿಯದ ನಿಮಗೆ ಹೇಗೆ ಗೊತ್ತು?" ಎಂದು ರಾಮದಾಸರು ಸಿಟ್ಟಿನಲ್ಲೇ ಬಾಟಲಿಯನ್ನು ಒಳಗೆ ಒಯ್ದು ಒಂದು ಗುಟುಕು ಬಾಯಿಗೆ ಹಾಕಿಕೊಂಡವರು ಥೂ ಎಂದು ಉಗಿದರು. "ಬಿರಡೆಯಿಂದ ಹಾಳಾಗಿದೆ. ಇದನ್ನು ಮೇಜಿಗೆ ಕೊಟ್ಟಿದ್ರೆ ನನ್ನ ಮಾನ ಹೋಗ್ತಿತ್ತು, ಮಾರಾಯ್ರೆ!"

ಸಂಜೆ ಇವರು ತೊಪ್ಪೆಯಾಗಿ ಬಂದರು, ಜೇಬಿನಲ್ಲಿ ಖಾಯಂ ಆದ ಕಾಗದ. ನಡೆದದ್ದನ್ನೆಲ್ಲ ಹೊಸ್ತಿಲಾಚೆಯೇ ನಿಂತು ಹೇಳಿದರು. ಅಬ್ಬ, ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಆಮೇಲೆ ಅಭ್ಯಾಸಬಲ, ಕಣ್ಣು ಮುಚ್ಚಿ "ಆ" ಎಂದು ಬಾಯಿ ತೆರೆದರು.

ನನಗೆ ಅಳುವೂ ಬಂತು, ನಗುವೂ ಬಂತು.

"ಬಾಯಿ ಮುಚ್ಕೊಂಡು ಒಳಗೆ ಬನ್ರೀ, ಕಾಫಿ ಆರಿಹೋಗತ್ತೆ."