ಬಿಳಿ ಕುರಿಗೆ ಕರಿ ಮರಿ

ಮಾರಿಕಣಿವೆಯ ಕಟ್ಟೆ ಮುಗಿದು ಏಳೆಂಟು ವರ್ಷವಾಗಿತ್ತು. ಹಿರಿಯೂರು ಕಡೆಯ ಒಂದು ಸರ್ಕಾರಿ ಕುರಿ ಫಾರಂನಲ್ಲಿ ಆಗ ನಾನು ಕಾವಲುಗಾರ. ಓದಿದ್ದು ಎರಡನೇ ಕ್ಲಾಸು. ಆದರೂ ಇದನ್ನು ಬರೆಯದೆ ಈವತ್ತು ನನಗೆ ಅನ್ನ ಇಳಿಯುವುದಿಲ್ಲ!

ನಮ್ಮ ಕಡೆಯ ಕುರಿ ಕರಿ. ಉಣ್ಣೆ ಕಂಬಳಿಗೆ ಸರಿ, ಆದರೆ ಒರಟು. ನುಣುಪು ಉಣ್ಣೆ ಬೇಕೆಂದು ಫಾರಂನ ಡಾಕ್ಟರು ಹಡಗಿನಲ್ಲಿ ಬಂದ ಬಿಳಿ ಟಗರೊಂದನ್ನು ನಮ್ಮ ಕರಿ ಕುರಿಗಳಿಗೆ ಕೂಡಿಸಿದರು. ಎರಡು ತಳಿಗಳನ್ನು ಹೀಗೆ ಬೆರೆಸುವುದಕ್ಕೆ ಕ್ರಾಸ್ ಎನ್ನುತ್ತಾರೆ, ಹುಟ್ಟಿದ ಮರಿಗೆ ಹೈಬ್ರಿಡ್. ಆ ಮೊದಲ ಪೀಳಿಗೆಯಲ್ಲಿ ಹುಟ್ಟಿದವೆಲ್ಲ ಬಿಳಿ! ನೋಡಲು ಬಂದ ನನ್ನ ಹೆಂಡತಿ, "ಅಲ್ರೀ, ಅವ್ವನ ಗುರುತೇ ಇಲ್ವಲ್ರೀ ಇವುಕ್ಕೆ" ಎಂದು ಮರುಗಿದಳು.

ಮರಿಗಳು ಬೆಳೆದ ಮೇಲೆ ಅವುಗಳಲ್ಲೇ ಒಂದು ಬಿಳಿ ಟಗರನ್ನು ಅವುಗಳದೇ ಹೆಣ್ಣುಗಳಿಗೆ ಬಿಟ್ಟರು. ಹೊರಗಿನ ಟಗರು ಸೇರಬಾರದೆಂದು ದೊಡ್ಡಿಗೆ ಬೀಗ. ಬೀಗದ ಕೈ ನನ್ನ ಉಡಿದಾರದಲ್ಲಿ. ಐದು ತಿಂಗಳಿಗೆ ಮೊದಲ ಕುರಿ ಈಯಿತು. ಮರಿ ಇದ್ದಿಲಿನಂಥ ಕರಿ!

ನಮ್ಮ ಮೇಲಿನ ಮೇಸ್ತ್ರಿ ಕೂಗಾಡಿದ. "ಏನ್ಲೇ ಇದು? ಅಪ್ಪ ಬಿಳಿ, ಅವ್ವ ಬಿಳಿ, ಮರಿ ಹೆಂಗ್ಲೇ ಕರಿ? ಊರ ಟಗರು ಒಳಕ್ಕೆ ಬಿಟ್ಯಾ?"

"ನಮ್ಮವ್ವನಾಣೆ ಬಿಟ್ಟಿಲ್ರಿ. ಬೀಗದ ಕೈ ಸೊಂಟದಾಗೇ ಐತೆ."

"ಕೈ ಸೊಂಟದಾಗೈತೆ, ಟಗರು ದೊಡ್ಡಿಯಾಗೈತೆ! ನಾಳೆ ಡಾಕ್ಟರು ಬರ್ತಾರೆ. ಗಂಟು ಕಟ್ಕ."

ನಾನು ಹೋಗಿ ಬೀಗವನ್ನು ಮತ್ತೊಮ್ಮೆ ಎಳೆದು ನೋಡಿದೆ. ಕೆಲಸ ಹೋದರೆ ಹೋಗಲಿ, ಕಾವಲುಗಾರನೇ ಕಳ್ಳನೆಂದರೆ ಮುಖ ಎಲ್ಲಿಡಲಿ?

ಡಾಕ್ಟರು ಬಂದವರೇ ಮರಿಯನ್ನು ಎತ್ತಿಕೊಂಡು ನಕ್ಕುಬಿಟ್ಟರು. "ಇದರ ಅಜ್ಜಿ ಯಾವ ಬಣ್ಣ ಇದ್ದಳಯ್ಯಾ?"

"ಕರಿ, ಸ್ವಾಮಿ."

"ಹಾಗಾದರೆ ಅಜ್ಜಿ ಬಂದಿದ್ದಾಳೆ ಬಿಡು!"

ಆಮೇಲೆ ಬಿಡಿಸಿ ಹೇಳಿದರು. ಮರಿ ಬಣ್ಣಕ್ಕೆಂದು ಅಪ್ಪನಿಂದ ಒಂದು ಪಾಲು, ಅವ್ವನಿಂದ ಒಂದು ಪಾಲು ತರುತ್ತದೆ. ಬಿಳಿಯ ಪಾಲು ಒಂದಿದ್ದರೆ ಸಾಕು, ಕರಿ ಅಡಗಿ ಕೂರುತ್ತದೆ. ಎರಡೂ ಕಡೆಯಿಂದ ಅಡಗಿದ ಕರಿಯೇ ಬಂದು ಕೂಡಿದರೆ ಮರಿ ಕರಿ. ನಾಲ್ಕಕ್ಕೆ ಒಂದರಂತೆ. ಊರ ಕರಿ ಟಗರಿಗೆ ಕೊಡಲು ಬಿಳಿಯ ಪಾಲೇ ಇಲ್ಲ, ಅದು ನುಗ್ಗಿದ್ದರೆ ಅರ್ಧಕ್ಕರ್ಧ ಕರಿಯಾಗಬೇಕು. "ಒಟ್ಟು ಇಪ್ಪತ್ತು ಕುರಿ. ಐದರ ಆಸುಪಾಸು ಕರಿ ಹುಟ್ಟಿದರೆ ಇವನ ಕೆಲಸ ಉಳಿಯಿತು, ಹತ್ತಾದರೆ ನಿನ್ನ ಮಾತೇ ಸರಿ" ಎಂದರು ಮೇಸ್ತ್ರಿಗೆ.

ನಾನು ದೊಡ್ಡಿಯ ಮಣ್ಣುಗೋಡೆಯ ಮೇಲೆ ಬಿಳಿ ಮರಿಗೆ ಸುಣ್ಣದ ಗೆರೆ, ಕರಿ ಮರಿಗೆ ಇದ್ದಿಲ ಗೆರೆ ಎಳೆಯುತ್ತ ಹೋದೆ. ಹನ್ನೊಂದು ಮರಿಗೇ ಐದು ಕರಿ! ಮೇಸ್ತ್ರಿ ಮೀಸೆ ತಿರುವಿದ. ನಾನು ಊಟ ಬಿಟ್ಟೆ. ಆಮೇಲೆ ಬಿಳಿ, ಬಿಳಿ, ಮತ್ತೆ ಬಿಳಿ. ಕೊನೆಗೆ ಎಣಿಸಿದರೆ ಸುಣ್ಣದ ಗೆರೆ ಹದಿನಾಲ್ಕು, ಇದ್ದಿಲಿನದು ಆರು.

"ಬದುಕ್ಕಂಡೆ ಹೋಗ್ಲೇ" ಎಂದ ಮೇಸ್ತ್ರಿ. "ಕುರಿ ಅಜ್ಜಿ ಕಾಪಾಡಿದ್ಲು ನಿನ್ನ."

ಅದಾಗಿ ಎಷ್ಟೋ ವರ್ಷವಾಯಿತು. ಈಗ ನನ್ನ ಸಂತೋಷದ ಮಾತು. ನನ್ನ ಹೆಂಡತಿಯದು ಬೆಕ್ಕಿನ ಕಣ್ಣು. ನನ್ನದು ಕರಿ, ಮಗನದೂ ಕರಿ. ಸೊಸೆ ನನ್ನ ಹೆಂಡತಿಯ ಅಣ್ಣನ ಮಗಳೇ, ಅವಳದೂ ಕರಿ. ಆರು ತಿಂಗಳ ಮೊಮ್ಮಗಳ ಕಣ್ಣು ಮಾತ್ರ ದಿನದಿಂದ ದಿನಕ್ಕೆ ಜೇನಿನ ಬಣ್ಣಕ್ಕೆ ತಿರುಗುತ್ತಿದೆ! ನಿನ್ನೆ ಪಕ್ಕದ ಮನೆಯಾಕೆ, "ಅಪ್ಪ ಅವ್ವ ಇಬ್ಬರ್ದೂ ಕರಿ ಕಣ್ಣು, ಇದ್ಕೆ ಯಾರ್ದು ಬಂತೋ" ಎಂದು ರಾಗ ಎಳೆದಳು. ಸೊಸೆ ತಲೆ ತಗ್ಗಿಸಿದಳು. ನಾನು ಕೂಸನ್ನು ಎತ್ತಿ ಹೆಂಡತಿಯ ಮುಖದ ಪಕ್ಕಕ್ಕೆ ಹಿಡಿದೆ.

"ನೋಡ್ಕಳವ್ವ, ಅಜ್ಜಿ ಬಂದವ್ಳೆ!"

ಸೊಸೆ ತಲೆಯೆತ್ತಿ ನಕ್ಕಳು. ಮರಿಯ ಬಣ್ಣ ಕಂಡು ಯಾರ ಮೇಲಾದರೂ ಬೆರಳು ತೋರುವ ಮುಂಚೆ ಅದರ ಅಜ್ಜಿಯನ್ನು ವಿಚಾರಿಸಬೇಕು. ಆ ದೊಡ್ಡಿ ನನಗೆ ಕಲಿಸಿದ್ದು ಇಷ್ಟು.